ಹೊಸ ಆಯಿಲ್ ಸೀಲ್, ಹಳೇ ಸೋರಿಕೆ

ಇಂಜಿನ್ ಪ್ರಶ್ನೋತ್ತರ

ಹಿಂದಿನ ಸಂಚಿಕೆಯಲ್ಲಿ ಇಂಜಿನ್ ಆಯಿಲ್ ಬಗ್ಗೆ ಬರೆದಿದ್ದೇ ತಡ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೋರಿಕೆಯದ್ದೇ ಗೋಳು. "ಹೊಸ ಸೀಲ್ ಹಾಕಿಸಿದೆ, ಆದ್ರೂ ಸೋರ್ತಿದೆ" ಅನ್ನುವುದು ಹೆಚ್ಚುಕಮ್ಮಿ ಎಲ್ಲರ ದೂರು. ಹಾಗಾಗಿ ಈ ಸಂಚಿಕೆ ಪೂರ್ತಿ ಸೀಲಿಗೇ, ಅಂದರೆ ತಿರುಗುವ ಶಾಫ್ಟಿನ ಸುತ್ತ ಕೂತು ಆಯಿಲ್ ಹೊರಗೆ ಬರದಂತೆ ತಡೆಯುವ ಬಳೆಗೇ ಬಿಟ್ಟಿದ್ದೇನೆ. ಬ್ಯಾಟರಿ, ಕ್ಲಚ್ ಅಂತ ಬರೆದವರು ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ಸಲ ನಿಮ್ಮ ಸರದಿ.

ಪ್ರಶ್ನೆ: ಸರ್, ನನ್ನ ಕಾರಿನ ಮುಂದಿನ ಕ್ರ್ಯಾಂಕ್ ಸೀಲ್ ಸೋರುತ್ತಿತ್ತು. ನಾನೇ ಪುಲ್ಲಿ ಬಿಚ್ಚಿ ಹೊಸದು ಹಾಕಿದೆ. ವಾರದೊಳಗೆ ಮತ್ತೆ ಸೋರಲು ಶುರುವಾಯಿತು. ಡೂಪ್ಲಿಕೇಟ್ ಮಾಲು ಇರಬೇಕು ಅಂತ ಕಂಪನಿ ಸೀಲೇ ತಂದು ಹಾಕಿದೆ. ಅದೂ ಸೋರುತ್ತಿದೆ. ಬಿಚ್ಚಿ ನೋಡಿದರೆ ರಬ್ಬರ್ ಲಿಪ್ ಒಂದು ಕಡೆ ಸಣ್ಣಗೆ ಕುಯ್ದ ಹಾಗಿದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಲ್ಲೇ ಉತ್ತರ ಇದೆ. ಕುಯ್ದ ಹಾಗಿದೆ ಅಂದಿರಲ್ಲ, ಅದು ನಿಜವಾಗಿ ಕುಯ್ದೇ ಇದೆ. ಕುಯ್ದಿದ್ದು ನಿಮ್ಮ ಕ್ರ್ಯಾಂಕ್ ಶಾಫ್ಟಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟ್) ಕೀ ವೇ, ಅಂದರೆ ಪುಲ್ಲಿ ಜಾರದಂತೆ ಹಿಡಿಯುವ ಕೀ ಕೂರುವ ಸಂದು. ಎರಡು ಸೀಲಿಗೂ ಒಂದೇ ಗತಿ ಆಗಿದೆ ಅಂದರೆ ಸೀಲನ್ನು ಬೈದು ಪ್ರಯೋಜನ ಇಲ್ಲ.

ಸ್ವಲ್ಪ ಆ ಸೀಲನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ತಗಡಿನ ಬಳೆ. ಕೆಲವದರಲ್ಲಿ ಅದರ ಮೇಲೂ ರಬ್ಬರ್ ಇರುತ್ತದೆ. ಒಳಗೆ ಚೂಪಾದ ಅಂಚಿನ ರಬ್ಬರ್ ಲಿಪ್. ಲಿಪ್ಪಿನ ಬೆನ್ನಿಗೆ ಕೂದಲಿನಷ್ಟು ಸಣ್ಣ ತಂತಿಯಿಂದ ಸುತ್ತಿದ ಉಂಗುರದಂಥ ಸ್ಪ್ರಿಂಗ್. ಶಾಫ್ಟಿಗೆ ತಾಗುವುದು ಆ ಚೂಪು ಅಂಚು ಮಾತ್ರ. ಹೊಸ ಸೀಲಿನಲ್ಲಿ ತಾಗುವ ಪಟ್ಟಿಯ ಅಗಲ 0.1ರಿಂದ 0.2 ಮಿಲಿಮೀಟರ್, ಅಷ್ಟೇ. ಇಡೀ ಇಂಜಿನ್ನಿನ ಆಯಿಲನ್ನು ಒಳಗೆ ಹಿಡಿದಿಡುವುದು ಆ ಗೆರೆ. ಅದರಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಗೀರು ಬಿದ್ದರೂ ಆಯಿಲಿಗೆ ದಾರಿ ಸಿಕ್ಕಿದಂತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲಿಪ್ ಆಯಿಲಿಗೆ ಅಡ್ಡ ನಿಲ್ಲುವುದರ ಜೊತೆಗೆ ಅದನ್ನು ವಾಪಸ್ ಒಳಕ್ಕೆ ತಳ್ಳುತ್ತದೆ ಕೂಡ. ಅಂಚಿನ ಎರಡು ಕಡೆ ಇಳಿಜಾರು ಬೇರೆ ಬೇರೆ. ಆಯಿಲ್ ಕಡೆ ಕಡಿದಾಗಿ, ಗಾಳಿ ಕಡೆ ಓರೆಯಾಗಿ ಇರುತ್ತದೆ. ಶಾಫ್ಟ್ ತಿರುಗುವಾಗ ಈ ವ್ಯತ್ಯಾಸದಿಂದಲೇ ಅಂಚಿನ ಕೆಳಗೆ ನುಸುಳಿದ ಆಯಿಲ್ ಮತ್ತೆ ಒಳಕ್ಕೆ ಹೋಗುತ್ತದೆ. ಲಿಪ್ ಮಡಚಿಕೊಂಡರೆ, ಸೀಲ್ ಓರೆಯಾಗಿ ಕೂತರೆ, ಈ ಕೆಲಸ ಕೆಡುತ್ತದೆ. ರಬ್ಬರ್ ಹೊಸದೇ, ಎಲ್ಲೂ ಹರಿದೂ ಇಲ್ಲ, ಆದರೂ ಸೋರುತ್ತದೆ ಅನ್ನುವ ಸೀಲುಗಳಲ್ಲಿ ಬಹಳಷ್ಟಕ್ಕೆ ಆಗಿರುವುದು ಇದೇ.

ಈಗ ನಿಮ್ಮ ಶಾಫ್ಟಿಗೆ ಬರೋಣ. ಲಿಪ್ಪಿನ ಒಳಬಾಯಿ ಶಾಫ್ಟಿಗಿಂತ ಚಿಕ್ಕದು. ಬಿಗಿಯಾಗಿ ಅಪ್ಪಿಕೊಳ್ಳಲಿ ಅಂತಲೇ ಹಾಗೆ ಮಾಡಿರುತ್ತಾರೆ. ಶಾಫ್ಟಿನ ತುದಿಯಿಂದ ತನ್ನ ಜಾಗಕ್ಕೆ ಹೋಗುವಷ್ಟರಲ್ಲಿ ಅದು ತುದಿಯ ಅಂಚನ್ನು, ಕೀ ವೇಯನ್ನು, ಕೆಲವು ಶಾಫ್ಟುಗಳಲ್ಲಿ ಹಲ್ಲನ್ನೋ ತಿರುಪಿನ ಮರೆಯನ್ನೋ ದಾಟಬೇಕು. ಹಿಗ್ಗಿ ನಿಂತ ರಬ್ಬರ್ ಕೀ ವೇ ಮೇಲೆ ಬಂದಾಗ ಸಂದಿನೊಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ತಳ್ಳಿದರೆ ಸಂದಿನ ಅಂಚು ಬ್ಲೇಡಿನ ಕೆಲಸ ಮಾಡುತ್ತದೆ. ನಂಬಿಕೆ ಬರದಿದ್ದರೆ ಕೀ ವೇ ಅಂಚಿನ ಮೇಲೆ ಉಗುರು ಎಳೆದು ನೋಡಿ. ಉಗುರಿನಿಂದ ಬಿಳೀ ಪುಡಿ ಏಳುತ್ತದೆ. ಉಗುರಿಗೇ ಹಾಗೆ, ಇನ್ನು ರಬ್ಬರ್ ಯಾವ ಲೆಕ್ಕ.

ಆದ್ದರಿಂದ ಮೊದಲ ಕೆಲಸ ಶಾಫ್ಟಿನದ್ದು. ತುದಿಯಲ್ಲಿ, ಕೀ ವೇ ಅಂಚಿನಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು, ಎದ್ದಿದ್ದರೆ ಸಣ್ಣ ಅರದಿಂದಲೋ ಎಣ್ಣೆ ಕಲ್ಲಿನಿಂದಲೋ ಮೆಲ್ಲಗೆ ಸವರಿ. ಅಂಚಿನಲ್ಲಿ ಮಾತ್ರ. ಲಿಪ್ ಕೂರುವ ಜಾಗಕ್ಕೆ ಅರ ತಾಗಕೂಡದು. ಕೀ ತೆಗೆಯಲು ಬಂದರೆ ತೆಗೆದಿಡಿ. ಸವರಿದ ಪುಡಿ ಒಂದು ಕಣವೂ ಉಳಿಯದ ಹಾಗೆ ಒರೆಸಿ.

ಆಮೇಲೆ ಶಾಫ್ಟಿಗೆ ಒಂದು ಅಂಗಿ ತೊಡಿಸಿ. ಕೆಲವು ಕಂಪನಿಗಳು ಇದಕ್ಕೆಂದೇ ತುದಿಯ ಕಡೆ ಕಿರಿದಾಗುವ ಸ್ಲೀವ್ (ಕೊಳವೆಯಂಥ ಹೊದಿಕೆ) ಕೊಡುತ್ತವೆ. ಇಲ್ಲದಿದ್ದರೆ ತೆಳ್ಳಗಿನ, ಬಳುಕುವ ಪ್ಲಾಸ್ಟಿಕ್ ಹಾಳೆ ಸಾಕು. ನೀರಿನ ಬಾಟಲಿ ಕುಯ್ದರೆ ಬರುವಂಥದ್ದು. ಶಾಫ್ಟಿನ ಸುತ್ತ ಒಂದು ಸುತ್ತು ಬಂದು ಸ್ವಲ್ಪ ಮಾತ್ರ ಮೇಲೆ ಬೀಳುವಷ್ಟು ಕತ್ತರಿಸಿ. ಕತ್ತರಿಸಿದ ಅಂಚೂ ಚೂಪಾಗಿಯೇ ಇರುತ್ತದೆ, ಬೆರಳಾಡಿಸಿ ನೋಡಿ ಸವರಿ. ತುದಿಯ ಕಡೆ ಸ್ವಲ್ಪ ಒಳಕ್ಕೆ ಬಾಗಿಸಿಕೊಂಡರೆ ಲಿಪ್ ಸಲೀಸಾಗಿ ಹತ್ತುತ್ತದೆ. ಅದರ ಮೇಲೆ ಆಯಿಲ್ ಸವರಿ, ಸೀಲನ್ನು ಕೈಯಿಂದಲೇ ದಾಟಿಸಿ, ಆಮೇಲೆ ಹಾಳೆಯನ್ನು ಎಳೆದುಬಿಡಿ. ಟೇಪ್ ಸುತ್ತುವವರೂ ಇದ್ದಾರೆ. ಆಗಬಹುದು. ಆದರೆ ಒಂದೇ ಸುತ್ತು, ತೆಳು ಟೇಪ್. ನಾಲ್ಕೈದು ಸುತ್ತು ಸುತ್ತಿದರೆ ಲಿಪ್ ಜಾಸ್ತಿ ಹಿಗ್ಗಬೇಕಾಗುತ್ತದೆ. ಟೇಪಿನ ಅಂಟು ಶಾಫ್ಟಿನ ಮೇಲೆ ಉಳಿದರೆ ಅದು ಬೇರೆ ತಲೆನೋವು.

ಒಂದು ಎಚ್ಚರಿಕೆ. ಎಷ್ಟೋ ಇಂಜಿನ್ನುಗಳಲ್ಲಿ ಮುಂದಿನ ಸೀಲಿನ ಲಿಪ್ ಕ್ರ್ಯಾಂಕ್ ಮೇಲೆ ಕೂರುವುದೇ ಇಲ್ಲ, ಪುಲ್ಲಿಯ ಕತ್ತಿನ ಮೇಲೆ ಕೂರುತ್ತದೆ. ಅಂಥದ್ದರಲ್ಲಿ ಸೀಲನ್ನು ಮೊದಲು ಇಂಜಿನ್ನಿನ ಮುಂದಿನ ಕವರಿಗೆ ಹಾಕಿ, ಆಮೇಲೆ ಪುಲ್ಲಿ ತೂರಿಸುತ್ತೇವೆ. ಆಗ ಸೀಲಿಗೆ ಏಟು ಬೀಳುವುದು ಪುಲ್ಲಿಯ ಕತ್ತಿನ ಅಂಚಿನಿಂದ. ಆ ಅಂಚನ್ನು ನೋಡಿ, ಕತ್ತಿಗೆ ಆಯಿಲ್ ಸವರಿ, ಓರೆ ಮಾಡದೆ ನೇರವಾಗಿ, ಸ್ವಲ್ಪ ತಿರುಗಿಸುತ್ತಾ ತೂರಿಸಿ. ಕೀಗೆ ಹೊಂದಿಸಲು ಹಿಂದೆ ಮುಂದೆ ಗುದ್ದಾಡಬೇಡಿ. ಕೀ ಎಲ್ಲಿದೆ ಅಂತ ಮೊದಲೇ ಗುರುತು ಹಾಕಿಕೊಳ್ಳಿ.

ಇನ್ನು ಸೀಲನ್ನು ಅದರ ಗೂಡಿಗೆ, ಅಂದರೆ ಅದು ಕೂರುವ ದುಂಡು ಕುಳಿಗೆ, ಕೂರಿಸುವ ಮಾತು. ಇಲ್ಲಿ ಸುತ್ತಿಗೆಯದ್ದೇ ದರ್ಬಾರು ಆಗಿಬಿಟ್ಟಿದೆ. ಒಂದು ಕಡೆ ಟಕ್, ಇನ್ನೊಂದು ಕಡೆ ಟಕ್, ಸ್ಕ್ರೂಡ್ರೈವರ್ ತುದಿಯಿಟ್ಟು ಸುತ್ತಲೂ ಟಕ್ ಟಕ್. ಹಾಗೆ ಬಡಿದರೆ ತಗಡಿನ ಬಳೆ ಬಾಗುತ್ತದೆ. ಬಳೆ ಬಾಗಿದರೆ ಲಿಪ್ ಒಂದು ಕಡೆ ಶಾಫ್ಟಿಗೆ ಜಾಸ್ತಿ ಒತ್ತಿ, ಎದುರು ಕಡೆ ಸಡಿಲಾಗುತ್ತದೆ. ಜೋರು ಏಟಿಗೆ ಲಿಪ್ಪಿನ ಬೆನ್ನಿನ ಸ್ಪ್ರಿಂಗ್ ಜಾಗ ಬಿಟ್ಟು ಜಿಗಿಯುವುದೂ ಉಂಟು. ಸ್ಪ್ರಿಂಗ್ ಇರುವುದು ಒಳಮುಖದಲ್ಲಿ, ಹಾಗಾಗಿ ಜಿಗಿದಿದ್ದು ನಿಮಗೆ ಕಾಣುವುದೂ ಇಲ್ಲ.

ಸೀಲಿನ ಹೊರ ಅಂಚಿಗೆ ಮಾತ್ರ ಒತ್ತುವಂಥ ಒಂದು ಕೊಳವೆ ಹುಡುಕಿ. ಅದರ ಅಗಲ ಸೀಲಿನ ಹೊರ ಅಳತೆಗಿಂತ ಒಂದು ಕೂದಲು ಕಮ್ಮಿ ಇರಲಿ. ದೊಡ್ಡ ಸಾಕೆಟ್ ಆಗಬಹುದು, ಪೈಪಿನ ತುಂಡು ಆಗಬಹುದು. ಪೈಪಾದರೆ ಬಾಯಿ ಸಮವಾಗಿ ಕುಯ್ದಿರಬೇಕು. ಹಳೇ ಸೀಲನ್ನೇ ತಿರುಗಿಸಿ ಹೊಸದರ ಮೇಲಿಟ್ಟು ಅದರ ಮೂಲಕ ಒತ್ತುವುದೂ ಒಳ್ಳೇ ಉಪಾಯ. ಮೊದಲ ಒಂದೆರಡು ಮಿಲಿಮೀಟರ್ ಹೆಬ್ಬೆರಳಿನಿಂದಲೇ ಕೂರಿಸಿ. ಸುತ್ತಲೂ ಸಮವಾಗಿ ಹಿಡಿದಿದೆಯಾ ನೋಡಿ, ಆಮೇಲೆ ಕೊಳವೆಯಿಟ್ಟು ಮೆಲ್ಲಗೆ ಒತ್ತಿ. ಕ್ರ್ಯಾಂಕ್ ಬೋಲ್ಟ್ ಮತ್ತು ದಪ್ಪ ವಾಷರ್ ಬಳಸಿ ತಿರುಪಿನಿಂದ ಎಳೆದುಕೊಂಡರೆ ಸುತ್ತಿಗೆಯೇ ಬೇಡ. ನನಗೆ ಅದೇ ಇಷ್ಟ. ಓರೆಯಾದರೆ ಕೈಗೇ ಗೊತ್ತಾಗುತ್ತದೆ. ಬೋಲ್ಟ್ ಬಿಗಿಯಾಗುತ್ತದೆ, ಸೀಲ್ ಮುಂದಕ್ಕೆ ಹೋಗುವುದಿಲ್ಲ. ಆಗ ನಿಲ್ಲಿಸಿ. ಇನ್ನೂ ತಿರುಗಿಸುವುದು ಬೇಡ.

ಎಷ್ಟು ಒಳಕ್ಕೆ? ಹಳೇ ಸೀಲ್ ತೆಗೆಯುವ ಮುಂಚೆಯೇ ಅದು ಅಂಚಿನಿಂದ ಎಷ್ಟು ಕೆಳಗಿದೆ ಅಂತ ವರ್ನಿಯರಿನಿಂದ ನಾಲ್ಕು ಕಡೆ ಅಳೆದು ಬರೆದಿಡಿ. ಹೊಸದಕ್ಕೂ ಅದೇ ಅಳತೆ. ನಾಲ್ಕು ಕಡೆ ಅಳೆದಾಗ ಒಂದೇ ಬಂದರೆ ನೇರವಾಗಿ ಕೂತಿದೆ ಎಂದರ್ಥ.

ಹಳೇ ಸೀಲ್ ತೆಗೆಯುವಾಗಲೂ ಅಷ್ಟೇ ಹುಷಾರು ಬೇಕು. ಸ್ಕ್ರೂಡ್ರೈವರ್ ತುದಿ ಶಾಫ್ಟಿಗೆ ಊರಿ ಮೀಟಿದರೆ ಗೀರು ಬೀಳುತ್ತದೆ. ಅದೂ ಶಾಫ್ಟಿನ ಉದ್ದಕ್ಕೆ. ಅಡ್ಡಕ್ಕಿಂತ ಉದ್ದ ಗೀರು ಅಪಾಯ, ಆಯಿಲ್ ಅದರಲ್ಲೇ ಹರಿದು ಹೊರಗೆ ಬರುತ್ತದೆ. ಮೀಟಲೇಬೇಕಾದರೆ ತುದಿಗೆ ಟೇಪ್ ಸುತ್ತಿ, ಶಾಫ್ಟಿನ ಮೇಲೆ ತೆಳು ಪ್ಲಾಸ್ಟಿಕ್ ತುಂಡು ಇಟ್ಟುಕೊಳ್ಳಿ. ಸೀಲಿನ ತಗಡಿಗೆ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ ಇಕ್ಕಳದಿಂದ ಎಳೆಯುವ ಪದ್ಧತಿಯೂ ಇದೆ. ಕೆಲಸ ಸಲೀಸು. ಆದರೆ ಡ್ರಿಲ್ ಬಿಟ್ಟಿಗೆ ಗ್ರೀಸ್ ಮೆತ್ತಿ ಕೊರೆಯಿರಿ, ಪುಡಿ ಅದಕ್ಕೇ ಅಂಟಲಿ. ತಗಡು ತೂತಾಗುತ್ತಿದ್ದಂತೆ ನಿಲ್ಲಿಸಿ. ಅದರ ಹಿಂದೆ ಏನಿದೆ ಅಂತ ನಿಮಗೂ ಕಾಣದು, ನನಗೂ ಕಾಣದು.

ಪ್ರಶ್ನೆ: ನಾನು ಆಟೊಮೊಬೈಲ್ ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿನಿ. ಸೀಲಿಗೆ ಗ್ರೀಸ್ ಹಚ್ಚಿಯೇ ಹಾಕಬೇಕು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಟ್ರೈನಿಂಗಿಗೆ ಹೋದ ಕಡೆ ಹಿಂದಿನ ಕ್ರ್ಯಾಂಕ್ ಸೀಲನ್ನು ಒಣಗಿದ್ದ ಹಾಗೇ ಹಾಕಿದರು. ಯಾರ ಮಾತು ಕೇಳಲಿ ಸರ್?

ಉತ್ತರ: ನೋಡಮ್ಮ, ಇಬ್ಬರೂ ಸರಿ. ಸೀಲ್ ಬೇರೆ ಬೇರೆ, ಅಷ್ಟೇ.

ಸ್ಪ್ರಿಂಗ್ ಇರುವ ರಬ್ಬರ್ ಸೀಲನ್ನು ಒಣದಾಗಿ ಹಾಕಕೂಡದು. ಇಂಜಿನ್ ಚಾಲೂ ಆದ ಮೇಲೆ ಆಯಿಲ್ ಅಲ್ಲಿಗೆ ಬಂದು ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಒಣ ರಬ್ಬರ್ ಉಜ್ಜಿ ಬಿಸಿಯಾಗಿ ಅಂಚು ಸುಡುತ್ತದೆ. ಲಿಪ್ಪಿಗೆ ಅದೇ ಇಂಜಿನ್ನಿನ ಆಯಿಲ್ ಸವರು. ಸ್ಪ್ರಿಂಗ್ ಇರುವ ಹಿಂಬದಿಯ ಸಂದಿಗೆ ಸ್ವಲ್ಪ ಗ್ರೀಸ್ ಮೆತ್ತಿದರೆ, ಕೂರಿಸುವಾಗಿನ ಏಟಿಗೆ ಸ್ಪ್ರಿಂಗ್ ಜಿಗಿಯದೆ ಅಲ್ಲೇ ಇರುತ್ತದೆ. ಇನ್ನು ದಿಕ್ಕು. ಸ್ಪ್ರಿಂಗ್ ಕಾಣುವ ಮುಖ ಆಯಿಲ್ ಇರುವ ಕಡೆಗೆ. ಹೊರಗಡೆ ಇನ್ನೊಂದು ಚಿಕ್ಕ ಲಿಪ್ ಇದ್ದರೆ ಅದು ಧೂಳಿಗೆ. ಕೆಲವು ಸೀಲುಗಳ ಮೇಲೆ ಬಾಣದ ಗುರುತು ಇರುತ್ತದೆ. ಶಾಫ್ಟ್ ತಿರುಗುವ ದಿಕ್ಕೂ ಬಾಣವೂ ಒಂದೇ ಆಗಬೇಕು. ಅಂಥದ್ದರ ಲಿಪ್ಪಿನಲ್ಲಿ ಓರೆ ಗೆರೆಗಳಿರುತ್ತವೆ, ಆಯಿಲನ್ನು ಒಳಕ್ಕೆ ತಳ್ಳಲು. ತಪ್ಪು ಇಂಜಿನ್ನಿಗೆ ಹಾಕಿದರೆ ಅದೇ ಗೆರೆಗಳು ಆಯಿಲನ್ನು ಹೊರಕ್ಕೆ ಪಂಪ್ ಮಾಡುತ್ತವೆ.

ನೀನು ಟ್ರೈನಿಂಗಿನಲ್ಲಿ ನೋಡಿದ್ದು ಪಿಟಿಎಫ್ಇ (ಟೆಫ್ಲಾನ್) ಸೀಲ್ ಇರಬೇಕು. ಲಿಪ್ ರಬ್ಬರಿನದ್ದಲ್ಲ, ನುಣುಪಾದ ಪ್ಲಾಸ್ಟಿಕ್ ಥರ, ಅಗಲವಾಗಿ ಇರುತ್ತದೆ. ಸ್ಪ್ರಿಂಗ್ ಇರುವುದಿಲ್ಲ. ಇದನ್ನು ಒಣದಾಗಿಯೇ ಹಾಕಬೇಕು, ಶಾಫ್ಟ್ ಕೂಡ ಪೂರ್ತಿ ಒಣಗಿರಬೇಕು. ಓಡುವಾಗ ಲಿಪ್ಪಿನ ತೆಳು ಪದರ ಶಾಫ್ಟಿನ ಮೇಲೆ ಹತ್ತಿಕೊಂಡರೇನೆ ಅದು ಸರಿಯಾಗಿ ಮುಚ್ಚುವುದು. ಮಧ್ಯೆ ಆಯಿಲ್, ಗ್ರೀಸ್ ಇದ್ದರೆ ಹತ್ತಿಕೊಳ್ಳುವುದಿಲ್ಲ. ಲಿಪ್ಪನ್ನು ಬೆರಳಿನಿಂದ ಮುಟ್ಟಬೇಡ. ಅದರೊಳಗೆ ಒಂದು ಪ್ಲಾಸ್ಟಿಕ್ ಬಳೆ ಬಂದಿರುತ್ತದೆ. "ಇದೇನೋ ಪ್ಯಾಕಿಂಗ್" ಅಂತ ಕಿತ್ತು ಬಿಸಾಡುವವರೇ ಜಾಸ್ತಿ. ಅದೇ ಹಾಕುವ ಸಾಧನ. ಲಿಪ್ಪನ್ನು ಹಿಗ್ಗಿಸಿ ಹಿಡಿದು ಶಾಫ್ಟಿಗೆ ಹತ್ತಿಸಲು ಅದನ್ನು ಕೊಟ್ಟಿರುತ್ತಾರೆ. ಒಮ್ಮೆ ತೆಗೆದರೆ ಲಿಪ್ ಕುಗ್ಗುತ್ತದೆ, ಮತ್ತೆ ಹಾಕುವಾಗ ಮಡಚುತ್ತದೆ. ಸೀಲ್ ಕೂರಿಸಿದ ಮೇಲೆ ಲಿಪ್ ಶಾಫ್ಟಿನ ಮೇಲೆ ಹೊಂದಿಕೊಳ್ಳಲು ಸಮಯ ಬೇಕು. 4 ಗಂಟೆ ಇಂಜಿನ್ ತಿರುಗಿಸಬೇಡಿ ಅಂತ ಕೆಲವು ತಯಾರಕರು ಬರೆದಿರುತ್ತಾರೆ. ಪೊಟ್ಟಣದೊಳಗಿನ ಚೀಟಿ ಓದು. ಆ ಚೀಟಿ ಓದುವ ಮೆಕ್ಯಾನಿಕ್ ಆದರೆ ನಿನಗೆ ಕೆಲಸಕ್ಕೆ ಬರ ಇಲ್ಲ.

ಹಿಂದೆ ಇದೇ ಕೆಲಸವನ್ನು ಚರ್ಮ ಮಾಡುತ್ತಿತ್ತು, ಗೊತ್ತಾ? ಇವತ್ತು ದೊಡ್ಡ ಸೀಲ್ ತಯಾರಕರಲ್ಲಿ ಒಂದಾದ ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಕಂಪನಿ 1849ರಲ್ಲಿ ಶುರುವಾಗಿದ್ದು ಚರ್ಮ ಹದ ಮಾಡುವ ಕಾರ್ಖಾನೆಯಾಗಿ. ಅವರು ಮೊದಮೊದಲು ಮಾಡಿದ ಸೀಲುಗಳ ಲಿಪ್ ಕೂಡ ಚರ್ಮದ್ದೇ. 1930ರ ದಶಕದಲ್ಲಿ ಕೃತಕ ರಬ್ಬರ್ ಬಂತು. ಈಗ ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ತಡೆಯುತ್ತದೆ, ಎಫ್‌ಕೆಎಂ ಅನ್ನುವ ಫ್ಲೋರಿನ್ ಬೆರೆತ ರಬ್ಬರ್ 200ರ ಹತ್ತಿರ. ಬಿಸಿ ಜಾಗದ ಸೀಲಿಗೆ ಬದಲು "ಅದೇ ಸೈಜ್ ಇದೆ" ಅಂತ ಕಪ್ಪು ನೈಟ್ರೈಲ್ ಹಾಕಿದರೆ ಸ್ವಲ್ಪ ದಿನಕ್ಕೇ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಂಗಡಿಯಲ್ಲಿ 35, 50, 8 ಅಂತ ಅಳತೆ ಹೇಳಿದರೆ ಸಾಲದು. ಅದು ಶಾಫ್ಟಿನ ಅಳತೆ, ಹೊರ ಅಳತೆ, ದಪ್ಪ ಮಾತ್ರ. ಯಾವ ರಬ್ಬರ್ ಅಂತಲೂ ಕೇಳಬೇಕು.

ಪ್ರಶ್ನೆ: ಶಾಫ್ಟಿನಲ್ಲಿ ಸೀಲ್ ಕೂರುವ ಕಡೆ ಸುತ್ತಲೂ ಒಂದು ಗೆರೆ ಬಿದ್ದಿದೆ. ರಬ್ಬರ್ ಕಬ್ಬಿಣವನ್ನು ಸವೆಸುತ್ತದೆ ಅಂದರೆ ನಂಬಲೇ ಆಗುತ್ತಿಲ್ಲ. ಕ್ರ್ಯಾಂಕ್ ಬದಲಿಸಬೇಕಾ?

ಉತ್ತರ: ರಬ್ಬರ್ ಒಂದೇ ಆಗಿದ್ದರೆ ಅಷ್ಟು ಬೇಗ ಸವೆಸುತ್ತಿರಲಿಲ್ಲ. ಆಯಿಲಿನ ಕೊಳೆ, ಹೊರಗಿನ ಧೂಳು ಲಿಪ್ಪಿನ ಅಂಚಿನಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜುತ್ತವೆ. ಗೆರೆ ಬೀಳುವುದು ಹಾಗೆ.

ಉಗುರನ್ನು ಶಾಫ್ಟಿನ ಉದ್ದಕ್ಕೆ ಎಳೆಯಿರಿ. ಹೊಳೆಯುವ ಪಟ್ಟಿ ಕಾಣುತ್ತದೆ, ಉಗುರು ಮಾತ್ರ ಸಿಕ್ಕುವುದಿಲ್ಲ ಅಂದರೆ ಚಿಂತೆ ಬೇಡ. ಉಗುರು ಸಿಕ್ಕಿ ನಿಂತರೆ ಹೊಸ ಸೀಲ್ ಅದೇ ಜಾಗದಲ್ಲಿ ಬಾಳುವುದಿಲ್ಲ. ಗೂಡಿನಲ್ಲಿ ಜಾಗ ಇದ್ದರೆ ಸೀಲನ್ನು ಒಂದು ಮಿಲಿಮೀಟರ್ ಹಿಂದೆಯೋ ಮುಂದೆಯೋ ಕೂರಿಸಿ, ಲಿಪ್ ಹೊಸ ಜಾಗಕ್ಕೆ ತಾಗಲಿ. ಮಾಡುವ ಮುಂಚೆ ಗೂಡಿನೊಳಗೆ ಇಣುಕಿ. ಆಯಿಲ್ ವಾಪಸ್ ಹೋಗುವ ತೂತು ಅಲ್ಲಿದ್ದರೆ ಸೀಲ್ ಅದನ್ನು ಮುಚ್ಚಬಾರದು. ಮುಚ್ಚಿದರೆ ಆಯಿಲ್ ಸೀಲಿನ ಹಿಂದೆ ಕಟ್ಟಿಕೊಳ್ಳುತ್ತದೆ.

ಅದಾಗದಿದ್ದರೆ ಶಾಫ್ಟಿನ ಮೇಲೆ ತೊಡಿಸುವ ತೆಳು ಸ್ಟೀಲ್ ಸ್ಲೀವ್ ಸಿಗುತ್ತದೆ. ಎಸ್‌ಕೆಎಫ್‌ನವರ ಸ್ಪೀಡಿ ಸ್ಲೀವಿನ ಗೋಡೆ ದಪ್ಪ ಸುಮಾರು 0.28 ಮಿಲಿಮೀಟರ್. ಅಷ್ಟು ತೆಳು ಆಗಿರುವುದರಿಂದ ಸೀಲ್ ಸೈಜ್ ಬದಲಿಸಬೇಕಾಗಿಲ್ಲ. ತೆಳು ಆಗಿರುವುದರಿಂದಲೇ ಓರೆ ಹೊಡೆದರೆ ಸುಕ್ಕಾಗಿಬಿಡುತ್ತದೆ, ಒಮ್ಮೆ ಸುಕ್ಕಾದರೆ ಕಸದ ಬುಟ್ಟಿಗೇ. ಅವರೇ ಕೊಡುವ ಟೋಪಿಯಂಥ ಸಾಧನದಿಂದಲೇ ತೂರಿಸಿ. ಶಾಫ್ಟಿನ ಗೆರೆ ಆಳವಾಗಿದ್ದರೆ ಮೊದಲು ಮೆಟಲ್ ಎಪಾಕ್ಸಿ ತುಂಬಿ, ಅದು ಗಟ್ಟಿಯಾಗುವ ಮುಂಚೆಯೇ ಸ್ಲೀವ್ ಹಾಕಬೇಕು.

ಎಮ್ರಿ ಪೇಪರ್ ಹಿಡಿದು ಗೆರೆ ಹೋಗುವವರೆಗೂ ಉಜ್ಜಿದೆ ಅಂತ ಇನ್ನೊಬ್ಬರು ಬರೆದಿದ್ದಾರೆ. ಬೇಡ ಮಾರಾಯರೇ. ಶಾಫ್ಟಿನ ಅಳತೆಯೇ ಕಮ್ಮಿಯಾಗುತ್ತದೆ. ತುಕ್ಕಿನ ಕಲೆ ತೆಗೆಯಲು ನಯವಾದ ಎಮ್ರಿಯನ್ನು ಆಯಿಲಿನಲ್ಲಿ ಅದ್ದಿ, ಶಾಫ್ಟಿನ ಸುತ್ತ, ನೆನಪಿಡಿ, ಸುತ್ತ ಮಾತ್ರ, ಉದ್ದಕ್ಕೆ ಬೇಡವೇ ಬೇಡ, ಮೆಲ್ಲಗೆ ಆಡಿಸಬಹುದು. ಸೀಲ್ ಓಡುವ ಜಾಗ ಕನ್ನಡಿಯಷ್ಟು ನುಣುಪಾಗಿ ಇರಬೇಕು ಅಂತೇನೂ ಇಲ್ಲ. ತೀರಾ ನುಣುಪಾದರೆ ಆಯಿಲಿನ ತೆಳು ಪದರವೇ ನಿಲ್ಲದೆ ಲಿಪ್ ಒಣಗಿ ಸವೆಯುತ್ತದೆ. ತಯಾರಕರು ಕೇಳುವ ಒರಟು ಸಾಮಾನ್ಯವಾಗಿ 0.2ರಿಂದ 0.8 ಮೈಕ್ರಾನ್ ಆರ್‌ಎ (ಮೇಲ್ಮೈ ಏರಿಳಿತದ ಸರಾಸರಿ ಅಳತೆ).

ಪ್ರಶ್ನೆ: ಇಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಕಡೆ ಆಯಿಲ್ ತೊಟ್ಟಿಕ್ಕುತ್ತಿದೆ. ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಅಂತಾರೆ. ದೊಡ್ಡ ಕೆಲಸ. ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಒಳ್ಳೇ ಕೆಲಸ ಮಾಡಿದಿರಿ, ಇಳಿಸುವ ಮುಂಚೆ ಕೇಳಿದಿರಿ. ಆಯಿಲ್ ಕೆಳಗೆ ಬೀಳುವ ಜಾಗ ಬೇರೆ, ಹೊರಡುವ ಜಾಗ ಬೇರೆ ಇರಬಹುದು. ಮೇಲೆ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿದರೆ ಆಯಿಲ್ ಇಂಜಿನ್ ಬೆನ್ನ ಮೇಲೆ ಇಳಿದು ಇದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಆಯಿಲ್ ಪ್ರೆಶರ್ ಸ್ವಿಚ್ ಕೂಡ ಹೀಗೇ ಮೋಸ ಮಾಡುತ್ತದೆ. ಇಂಜಿನ್ ಹೊರಮೈ ಪೂರ್ತಿ ತೊಳೆದು ಒಣಗಿಸಿ. ಅನುಮಾನ ಇರುವ ಕಡೆ ಟಾಲ್ಕಮ್ ಪೌಡರ್ ಉದುರಿಸಿ ಸ್ವಲ್ಪ ಓಡಿಸಿ. ಒದ್ದೆ ಗೆರೆ ಎಲ್ಲಿಂದ ಶುರುವಾಯಿತು ಅಂತ ಪೌಡರೇ ತೋರಿಸುತ್ತದೆ.

ಇನ್ನೊಂದು ನೋಡಲೇಬೇಕು. ಪಿಸ್ಟನ್ ರಿಂಗು ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಅದು ಹೊರಗೆ ಹೋಗಲು ಬ್ರೀದರ್ ಪೈಪ್, ಪಿಸಿವಿ ವಾಲ್ವ್ ಇರುತ್ತವೆ. ಅವು ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಆಯಿಲ್ ಎಲ್ಲಿ ಸಾಧ್ಯವೋ ಅಲ್ಲಿ ತೂರುತ್ತದೆ. ಗೇರ್ ಬಾಕ್ಸ್ ಇಳಿಸಿ ಹೊಸ ಸೀಲ್ ಹಾಕಿದರೂ ಒತ್ತಡ ಅದನ್ನೂ ಸೋರಿಸುತ್ತದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ ನೋಡಿ. ಭುಸುಗುಡುತ್ತಾ ಗಾಳಿ ಹೊರಗೆ ನುಗ್ಗಿದರೆ ಮೊದಲು ಬ್ರೀದರ್ ಬಿಚ್ಚಿ ಶುಚಿ ಮಾಡಿ. ಅದಾದ ಮೇಲೂ ನುಗ್ಗಿದರೆ ರಿಂಗಿನ ಕಡೆ ನೋಡಬೇಕಾಗುತ್ತದೆ.

ಕೊನೆಗೆ ಸೀಲೇ ಅಂತ ಗೊತ್ತಾಗಿ ಇಳಿಸಿದರೆ, ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲನ್ನೂ ಅದೇ ಸಲ ನೋಡಿಕೊಳ್ಳಿ. ತೊಟ್ಟಿಕ್ಕುವುದು ಗೇರ್ ಆಯಿಲ್ ಕೂಡ ಆಗಿರಬಹುದು. ಮೂಸಿ ನೋಡಿ, ಗೇರ್ ಆಯಿಲಿನಲ್ಲಿ ಗಂಧಕದ ವಾಸನೆ ಬರುತ್ತದೆ.

ಪ್ರಶ್ನೆ: ಟೂ ಸ್ಟ್ರೋಕ್ ಬೈಕ್ ಇಟ್ಟುಕೊಂಡಿದ್ದೇನೆ. ಹೊರಗೆ ಒಂದು ಹನಿ ಆಯಿಲ್ ಇಲ್ಲ. ಆದರೂ ಕ್ರ್ಯಾಂಕ್ ಸೀಲ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳುತ್ತಾನೆ. ಸುಮ್ನೆ ಬಿಲ್ ಏರಿಸುತ್ತಿದ್ದಾನಾ?

ಉತ್ತರ: ಅವನು ಹೇಳಿದ್ದು ನಿಜ ಇರಬಹುದು. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸೇ ಪಂಪು. ಪಿಸ್ಟನ್ ಮೇಲೆ ಹೋದಾಗ ಒಳಗೆ ಎಳೆತ, ಕೆಳಗೆ ಬಂದಾಗ ಒತ್ತಡ. ಸೀಲ್ ಎರಡನ್ನೂ ತಡೆಯಬೇಕು.

ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಸ್ಪೀಡ್ ಇಳಿಯದೆ ತನ್ನಷ್ಟಕ್ಕೆ ಕಿರುಚುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಬಿಸಿಯಾಗಿ ಸೀಜ್ ಆಗುತ್ತದೆ. ಕ್ಲಚ್ ಕಡೆ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲನ್ನು ಒಳಕ್ಕೆ ಎಳೆದು ಸುಡುತ್ತದೆ. ಹೊಗೆ ವಿಪರೀತ, ಗೇರ್ ಆಯಿಲ್ ಮಾತ್ರ ದಿನದಿನಕ್ಕೆ ಕಮ್ಮಿ. ಹೊರಗೆ ಹನಿ ಕಾಣದು. ನಿಮ್ಮ ಬೈಕಿಗೆ ಇವೆರಡರಲ್ಲಿ ಯಾವ ಲಕ್ಷಣ ಇದೆ ನೋಡಿ. ಇದ್ದರೆ ಒಂದನ್ನೇ ಬದಲಿಸದೆ ಎರಡೂ ಸೀಲ್ ಹಾಕಿಸಿ.

ಪ್ರಶ್ನೆ: ವಾಲ್ವ್ ಸೀಲ್ ಹೊಸದು ಹಾಕಿದರೂ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುವುದು ನಿಂತಿಲ್ಲ. ಕಾರಣ?

ಉತ್ತರ: ಹಾಕುವಾಗ ವಾಲ್ವ್ ಕಡ್ಡಿಯ ತುದಿ ಮುಚ್ಚಿಕೊಂಡಿದ್ದಿರಾ? ಕಾಟರ್, ಅಂದರೆ ವಾಲ್ವ್ ಸ್ಪ್ರಿಂಗನ್ನು ಕಡ್ಡಿಗೆ ಹಿಡಿದಿಡುವ ತುಂಡು, ಕೂರುವ ಸಂದು ಅಲ್ಲೇ ಇರುವುದು, ಅದರ ಅಂಚು ಕೀ ವೇಗಿಂತ ಚೂಪು. ಸೀಲ್ ಪ್ಯಾಕೆಟ್ಟಿನಲ್ಲಿ ಒಂದು ಪ್ಲಾಸ್ಟಿಕ್ ಟೋಪಿ ಬರುತ್ತದೆ. ಅದನ್ನು ತುದಿಗೆ ಹಾಕಿ, ಆಯಿಲ್ ಸವರಿ, ಸೀಲನ್ನು ದಾಟಿಸಿ ಟೋಪಿ ತೆಗೆದುಬಿಡಬೇಕು. ಟೋಪಿ ಇಲ್ಲದಿದ್ದರೆ ತೆಳು ಟೇಪ್. ಗೈಡ್ (ಕಡ್ಡಿ ಆಡುವ ಕೊಳವೆ) ಮೇಲೆ ಕೂರಿಸುವಾಗ ಕೈಯಿಂದಲೇ ಒತ್ತಿ, ಅಥವಾ ಸರಿಯಾದ ಅಳತೆಯ ಕೊಳವೆಯಿಂದ. ಟಕ್ ಅಂತ ಕೂತದ್ದು ಕೈಗೆ ತಿಳಿಯುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ಸೀಲುಗಳ ಬಣ್ಣ ಬೇರೆ ಇದ್ದರೆ ಅದಲುಬದಲು ಮಾಡಬೇಡಿ. ಇಷ್ಟೆಲ್ಲ ಸರಿ ಇದ್ದೂ ಹೊಗೆ ಬಂದರೆ ವಾಲ್ವ್ ಕಡ್ಡಿ ಅಲ್ಲಾಡಿಸಿ ನೋಡಿ. ಗೈಡ್ ಸವೆದು ಕಡ್ಡಿ ಕುಣಿಯುತ್ತಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ.

ಪ್ರಶ್ನೆ: ಸೀಲಿನ ಸುತ್ತ ಸಿಲಿಕೋನ್ ಪೇಸ್ಟ್ ಬಳಿದರೆ ಇನ್ನೂ ಭದ್ರ ಅಲ್ವಾ?

ಉತ್ತರ: ಹೊರಮೈಗೆ ರಬ್ಬರ್ ಇದ್ದರೆ ಏನೂ ಬೇಡ. ಬರೀ ತಗಡಾದರೆ, ಕಂಪನಿ ಹೇಳಿದ್ದರೆ, ಗೂಡಿನ ಅಂಚಿಗೆ ತೆಳು ಪದರ. ಜಾಸ್ತಿ ಬಳಿದದ್ದು ಮುಂದಕ್ಕೆ ತಳ್ಳಿಕೊಂಡು ಹೋಗಿ ಲಿಪ್ಪಿಗೆ ಮೆತ್ತುತ್ತದೆ, ಇಲ್ಲವೇ ಆಯಿಲ್ ಸ್ಟ್ರೈನರಿನಲ್ಲಿ ಸಿಗುತ್ತದೆ.

ಪ್ರಶ್ನೆ: ಬೆಂಕಿ ಬಿದ್ದ ಗಾಡಿಯ ಇಂಜಿನ್ ಬಿಡಿಭಾಗಕ್ಕೆ ಅಂತ ತಂದಿದ್ದೇನೆ. ಸೀಲುಗಳು ಕರಗಿ ಅಂಟಾಗಿವೆ. ಕೆರೆದು ತೆಗೆಯಲು ಸುಲಭದ ದಾರಿ ಹೇಳಿ.

ಉತ್ತರ: ತಡೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ. ಎಫ್‌ಕೆಎಂ ರಬ್ಬರಿನಲ್ಲಿ ಫ್ಲೋರಿನ್ ಇದೆ. 300 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಸುಟ್ಟಾಗ ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟಬಹುದು. ಚರ್ಮಕ್ಕೆ ತಾಗಿದಾಗ ಕೆಲವೊಮ್ಮೆ ತಕ್ಷಣ ಉರಿಯೇ ಗೊತ್ತಾಗುವುದಿಲ್ಲ, ಆದರೆ ಆಳಕ್ಕಿಳಿದು ಮೂಳೆಯವರೆಗೂ ಹಾನಿ ಮಾಡುತ್ತದೆ. ದಪ್ಪ ನಿಯೋಪ್ರಿನ್ ಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುಣ್ಣದ ತಿಳಿನೀರಿನಿಂದ ಚೆನ್ನಾಗಿ ತೊಳೆದ ಮೇಲೆಯೇ ಕೆಲಸ. ಈಗಾಗಲೇ ಮುಟ್ಟಿದ್ದರೆ ನೀರಿನಿಂದ ತುಂಬಾ ಹೊತ್ತು ತೊಳೆದು ಡಾಕ್ಟರ ಹತ್ತಿರ ಹೋಗಿ, ಯಾವ ಆಸಿಡ್ ಇರಬಹುದು ಅಂತ ಹೆಸರು ಹೇಳಿ. ಗ್ಯಾಸ್ ಟಾರ್ಚಿನಿಂದ ಹಳೇ ಸೀಲ್ ಸುಟ್ಟು ತೆಗೆಯುವ ಅಭ್ಯಾಸ ಇರುವವರೂ ಇದನ್ನು ಓದಿಕೊಳ್ಳಿ.

ಪ್ರಶ್ನೆ: ಸೀಲುಗಳನ್ನು ಸ್ಟಾಕ್ ಇಟ್ಟುಕೊಳ್ಳುವುದು ಹೇಗೆ? ಗೋಡೆಯ ಮೊಳೆಗೆ ಸಾಲಾಗಿ ನೇತುಹಾಕಿದ್ದೇನೆ, ಹುಡುಕಲು ಸುಲಭ.

ಉತ್ತರ: ಹುಡುಕಲು ಸುಲಭ, ಸೀಲಿಗೆ ಕಷ್ಟ. ಮೊಳೆ ತಾಗಿದ ಕಡೆ ಲಿಪ್ ಹಳ್ಳ ಬಿದ್ದು ಹಾಗೇ ನಿಲ್ಲುತ್ತದೆ, ಬಿಸಿಲು ಬಿದ್ದರೆ ಬಿರುಕೂ ಬಿಡುತ್ತದೆ. ಪ್ಯಾಕೆಟ್ಟಿನಲ್ಲೇ ಇಟ್ಟು, ಚಪ್ಪಟೆಯಾಗಿ, ಕತ್ತಲ ಡಬ್ಬಿಯಲ್ಲಿಡಿ. ಅಳತೆಯನ್ನು ಡಬ್ಬಿಯ ಮೇಲೆ ಬರೆಯಿರಿ. ಈಗ ನೇತಾಡುತ್ತಿರುವವನ್ನು ಇಳಿಸಿ ಒಂದೊಂದಾಗಿ ಲಿಪ್ ನೋಡಿ. ಹಳ್ಳ ಬಿದ್ದದ್ದನ್ನು ಬಿಸಾಡದೆ ಬೇರೆ ಡಬ್ಬಿಗೆ ಹಾಕಿ. ಹೊಸ ಸೀಲನ್ನು ಒತ್ತಿ ಕೂರಿಸಲು ಅವು ಬೇಕಾಗುತ್ತವೆ.